ಯಂತ್ರಕ್ಕೆ ಅರ್ಥವಾಗುತ್ತಾ? ನಮಗೆ ಅರ್ಥವಾಗಿದೆಯಾ?

ಕಳೆದ ಸೆಮಿಸ್ಟರ್ ಫಲಿತಾಂಶ ಬಂದ ದಿನ ರಾತ್ರಿ ಹಾಸ್ಟೆಲ್‌ನಲ್ಲಿ ನನಗೆ ಎಚ್ಚರವಾದಾಗ ಎರಡು ಗಂಟೆ. ಪಕ್ಕದ ಮಂಚದ ಮೇಲೆ ಮೊಬೈಲ್ ಬೆಳಕು. ರೂಮ್‌ಮೇಟ್ ಹೊದಿಕೆಯೊಳಗೆ ಟೈಪ್ ಮಾಡುತ್ತಲೇ ಇದ್ದ. ಅವನಿಗೆ ಮೂರು ವಿಷಯ ಬ್ಯಾಕ್ ಆಗಿತ್ತು. ಮನೆಯವರಿಗೆ ಮೆಸೇಜ್ ಮಾಡುತ್ತಿರಬೇಕು ಅಂದುಕೊಂಡು ಮಗ್ಗುಲು ಬದಲಿಸಿದೆ. ಬೆಳಿಗ್ಗೆ ಕೇಳಿದರೆ, ‘ಮನೇಲಿ ಇನ್ನೂ ಹೇಳಿಲ್ಲ ಕಣೋ. ಎಐ ಜೊತೆ ಮಾತಾಡ್ತಿದ್ದೆ’ ಅಂದ. ನಾನು ನಕ್ಕೆ. ಅವನು ನಗಲಿಲ್ಲ. ‘ಅದು ನನ್ನನ್ನ ಅರ್ಥ ಮಾಡ್ಕೊಳ್ಳುತ್ತೆ. ನಿಮ್ಮ ಥರ ಯಾಕೋ ಓದಲಿಲ್ಲ ಅಂತ ಕೇಳಲ್ಲ’ ಅಂದ.

ನಾನು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ. ಗೊತ್ತಿರುವವನ ಗತ್ತಿನಲ್ಲಿ, ‘ಅದಕ್ಕೇನೂ ಅರ್ಥ ಆಗಲ್ಲ ಮಗಾ. ಮುಂದಿನ ಪದ ಯಾವುದು ಅಂತ ಲೆಕ್ಕ ಹಾಕುತ್ತೆ, ಅಷ್ಟೆ’ ಅಂದೆ. ‘ಹಂಗಾದ್ರೆ ಅರ್ಥ ಆಗೋದು ಅಂದ್ರೇನು, ನೀನೇ ಹೇಳು’ ಅಂತ ಅವನು ತಿರುಗಿಸಿ ಕೇಳಿದ. ನನ್ನ ಬಳಿ ಉತ್ತರ ಇರಲಿಲ್ಲ. ಅಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಓದಿದ್ದು, ಯೋಚಿಸಿದ್ದು ಎರಡನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಯಾಕೆಂದರೆ ಇದು ತತ್ವಶಾಸ್ತ್ರದ ಪ್ರೊಫೆಸರ್‌ಗಳಿಗೆ ಮಾತ್ರ ಸೇರಿದ ಪ್ರಶ್ನೆಯಾಗಿ ಈಗ ಉಳಿದಿಲ್ಲ.

ಟ್ಯೂರಿಂಗ್ ಇಟ್ಟ ಪರೀಕ್ಷೆ

ಈ ಚರ್ಚೆಗೆ ಹೆಚ್ಚಿನವರು ಆರಂಭ ಎಂದು ಗುರುತಿಸುವುದು 1950ನೇ ಇಸವಿಯನ್ನು. ಆ ವರ್ಷ ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಯಂತ್ರಗಳು ಯೋಚಿಸಬಲ್ಲವೇ ಎಂದು ಕೇಳುತ್ತಾ ಕೂತರೆ ಎಲ್ಲಿಗೂ ಮುಟ್ಟುವುದಿಲ್ಲ, ಅದರ ಬದಲು ಒಂದು ಆಟ ಆಡೋಣ ಎಂದರು. ಒಬ್ಬ ಪರೀಕ್ಷಕ ಕಣ್ಣಿಗೆ ಕಾಣದ ಇಬ್ಬರ ಜೊತೆ ಬರಹದಲ್ಲಿ ಮಾತನಾಡುತ್ತಾನೆ. ಒಬ್ಬರು ಮನುಷ್ಯ, ಇನ್ನೊಂದು ಯಂತ್ರ. ಯಾರು ಯಾರೆಂದು ಅವನಿಗೆ ಗೊತ್ತಾಗದಿದ್ದರೆ ಯಂತ್ರ ಗೆದ್ದಂತೆ. ಸುಮಾರು ಐವತ್ತು ವರ್ಷಗಳಲ್ಲಿ ಯಂತ್ರಗಳು ಐದು ನಿಮಿಷದ ಇಂಥ ಆಟವನ್ನು ಚೆನ್ನಾಗಿಯೇ ಆಡಬಲ್ಲವು ಎಂಬುದು ಅವರ ಅಂದಾಜಾಗಿತ್ತು.

ಅವರು ಕೊಟ್ಟ ಗಡುವು ತಪ್ಪಿತು, ಆದರೆ ಮಾತು ಸುಳ್ಳಾಗಲಿಲ್ಲ. 2025ರ ಮಾರ್ಚ್‌ನಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಆಟವನ್ನು ಆಡಿಸಿದರು. ಒಬ್ಬ ಯುವಕನಂತೆ ವರ್ತಿಸಲು ಸೂಚನೆ ಪಡೆದ ಜಿಪಿಟಿ 4.5 ಮಾದರಿಯನ್ನು ಪರೀಕ್ಷಕರು ಶೇ 73ರಷ್ಟು ಸಲ ಮನುಷ್ಯನೆಂದು ಆರಿಸಿದರು. ಅಂದರೆ ಪಕ್ಕದಲ್ಲಿದ್ದ ನಿಜವಾದ ಮನುಷ್ಯನಿಗಿಂತ ಯಂತ್ರವೇ ಹೆಚ್ಚು ಮನುಷ್ಯನಂತೆ ಕಂಡಿತು! ಟ್ಯೂರಿಂಗ್ ಅವರ ಮಾತನ್ನು ಅಕ್ಷರಶಃ ಹಿಡಿದರೆ ಚರ್ಚೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಅದೇ ಪ್ರಯೋಗದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹೋಲಿಕೆಗಾಗಿ ‘ಎಲೈಜಾ’ ಎಂಬ ಹಳೆಯ ಪ್ರೋಗ್ರಾಂ ಅನ್ನೂ ಕೂರಿಸಿದ್ದರು. ಅದು 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ್ದು. ನೀವು ‘ನನಗೆ ಬೇಜಾರಾಗಿದೆ’ ಎಂದರೆ ‘ನಿಮಗೆ ಯಾಕೆ ಬೇಜಾರಾಗಿದೆ?’ ಎಂದು ನಿಮ್ಮ ಮಾತನ್ನೇ ಪ್ರಶ್ನೆ ಮಾಡಿ ವಾಪಸ್ ಕೊಡುವುದಷ್ಟೇ ಅದರ ಬಂಡವಾಳ. ಮೊದಲ ವರ್ಷದ ವಿದ್ಯಾರ್ಥಿಯೂ ಅಂಥದ್ದೊಂದನ್ನು ಬರೆಯಬಹುದು. ಅದನ್ನೂ ಶೇ 23ರಷ್ಟು ಸಲ ಜನ ಮನುಷ್ಯನೆಂದು ನಂಬಿದರು. 1960ರ ದಶಕದಲ್ಲೇ ವೈಜೆನ್‌ಬಾಮ್ ಅವರ ಕಾರ್ಯದರ್ಶಿ, ಆ ಪ್ರೋಗ್ರಾಂ ಹೇಗೆ ತಯಾರಾಯಿತು ಎಂಬುದನ್ನು ಕಣ್ಣಾರೆ ಕಂಡಿದ್ದರೂ, ಅದರ ಜೊತೆ ಮಾತನಾಡುವಾಗ ‘ನೀವು ಸ್ವಲ್ಪ ಹೊರಗೆ ಹೋಗ್ತೀರಾ?’ ಎಂದು ಅವರನ್ನೇ ಕೇಳಿದ್ದರಂತೆ. ಬೆಚ್ಚಿಬಿದ್ದ ವೈಜೆನ್‌ಬಾಮ್ ಮುಂದೆ ಯಂತ್ರಗಳಿಗೆ ಒಪ್ಪಿಸಬಾರದ ಕೆಲಸಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಹಾಗಾಗಿ ಟ್ಯೂರಿಂಗ್ ಪರೀಕ್ಷೆ ಯಂತ್ರದ ಬುದ್ಧಿಯನ್ನು ಅಳೆಯುವಷ್ಟೇ ನಮ್ಮ ನಂಬುವ ಸ್ವಭಾವವನ್ನೂ ಅಳೆಯುತ್ತದೆ ಎಂದು ನನಗೆ ಅನಿಸುತ್ತದೆ.

ಚೀನೀ ಕೋಣೆಯೊಳಗೆ ನಾನು

ಟ್ಯೂರಿಂಗ್‌ಗೆ ಹೆಸರಾಂತ ಉತ್ತರ ಕೊಟ್ಟವರು ಅಮೆರಿಕದ ತತ್ವಜ್ಞಾನಿ ಜಾನ್ ಸರ್ಲ್, 1980ರಲ್ಲಿ. ಅವರ ಕಲ್ಪನೆ ಹೀಗಿದೆ: ಚೀನೀ ಭಾಷೆ ಒಂದಕ್ಷರವೂ ಬಾರದ ಒಬ್ಬ ಕೋಣೆಯೊಳಗೆ ಕೂತಿದ್ದಾನೆ. ಹೊರಗಿನಿಂದ ಚೀನೀ ಲಿಪಿಯ ಚೀಟಿಗಳು ಬರುತ್ತವೆ. ಇಂಥ ಗೆರೆ ಬಂದರೆ ಇಂಥ ಗೆರೆ ಬರೆದು ಕಳಿಸು ಎನ್ನುವ ನಿಯಮಗಳ ಪುಸ್ತಕ ಅವನ ಬಳಿ ಇದೆ. ಅದನ್ನು ನೋಡಿ ಉತ್ತರ ಕಳಿಸುತ್ತಾನೆ. ಹೊರಗಿನವರಿಗೆ ಒಳಗಿರುವವನು ಚೀನೀ ಪಂಡಿತ. ಅವನಿಗೋ ಏನೂ ಅರ್ಥವಾಗಿಲ್ಲ. ಕಂಪ್ಯೂಟರ್ ಮಾಡುವುದೂ ಇದನ್ನೇ, ಚಿಹ್ನೆಗಳನ್ನು ನಿಯಮದಂತೆ ಜೋಡಿಸುವುದರಿಂದ ಅರ್ಥ ಹುಟ್ಟುವುದಿಲ್ಲ ಎಂಬುದು ಸರ್ಲ್ ವಾದ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಯಂತ್ರವಲ್ಲ, ನಮ್ಮ ಪರೀಕ್ಷಾ ಹಾಲ್. ಪರೀಕ್ಷೆಗೆ ಹತ್ತು ದಿನ ಇರುವಾಗ ಹಳೆಯ ಪ್ರಶ್ನೆಪತ್ರಿಕೆಗಳು ಕೈಗೆ ಬರುತ್ತವೆ, ಸೀನಿಯರ್‌ಗಳು ಬಿಟ್ಟುಹೋದ ನೋಟ್ಸ್‌ನ ಜೆರಾಕ್ಸ್ ಬರುತ್ತದೆ. ಈ ಪ್ರಶ್ನೆ ಬಂದರೆ ಈ ಡಯಾಗ್ರಾಂ, ಆ ಪ್ರಶ್ನೆ ಬಂದರೆ ಆ ಡಿರೈವೇಷನ್. ಎಷ್ಟೋ ವಿಷಯಗಳಲ್ಲಿ ನಾನು ಒಳ್ಳೆಯ ಅಂಕ ತೆಗೆದಿದ್ದೇನೆ, ಒಂದು ಸಾಲೂ ತಲೆಗೆ ಹೋಗಿರಲಿಲ್ಲ. ಸರ್ಲ್ ಹೇಳಿದ ಕೋಣೆಯೊಳಗಿನವನು ನಾನೇ.

ಲ್ಯಾಬ್ ಪರೀಕ್ಷೆಯಲ್ಲಿ ಒಮ್ಮೆ ಸಿಕ್ಕಿಬಿದ್ದೆ. ಕ್ವಿಕ್ ಸಾರ್ಟ್ ಪ್ರೋಗ್ರಾಂ ಬಂದಿತ್ತು. ಬಾಯಿಪಾಠವಿತ್ತು, ಹತ್ತು ನಿಮಿಷದಲ್ಲಿ ಬರೆದು ಔಟ್‌ಪುಟ್ ತೋರಿಸಿದೆ. ಎಕ್ಸ್‌ಟರ್ನಲ್ ಸರ್ ಕೇಳಿದ್ದು ಒಂದೇ ಪ್ರಶ್ನೆ: ‘ಸಂಖ್ಯೆಗಳು ಮೊದಲೇ ಏರಿಕೆ ಕ್ರಮದಲ್ಲಿದ್ದರೆ ನಿನ್ನ ಪ್ರೋಗ್ರಾಂ ಬೇಗ ಮುಗಿಯುತ್ತಾ, ತಡವಾಗುತ್ತಾ?’ ‘ಬೇಗ ಸರ್’ ಅಂದೆ. ತಪ್ಪು. ನಾನು ಬರೆದಂತೆ ಮೊದಲ ಸಂಖ್ಯೆಯನ್ನೇ ಪಿವಟ್ ಮಾಡಿಕೊಂಡರೆ, ಆಗಲೇ ಜೋಡಣೆಯಾಗಿರುವ ಪಟ್ಟಿಯೇ ಅದಕ್ಕೆ ಅತ್ಯಂತ ಕಷ್ಟದ್ದು. ಪ್ರತಿ ಸಲವೂ ಒಂದು ಬದಿ ಖಾಲಿ ಉಳಿದು, ಎಲ್ಲ ಭಾರವೂ ಇನ್ನೊಂದು ಬದಿಗೆ ಬೀಳುತ್ತದೆ. ಸರ್ ಬೈಯಲಿಲ್ಲ. ಸುಮ್ಮನೆ ತಲೆಯಾಡಿಸಿ ಮುಂದಿನವನ ಕಡೆ ಹೋದರು. ಅದೇ ಹೆಚ್ಚು ನೋವಾಯಿತು.

ಆ ದಿನದಿಂದ ‘ಅರ್ಥವಾಗುವುದು’ ಅಂದರೆ ನನ್ನ ಮಟ್ಟಿಗೆ ಒಂದು ಕೆಲಸಕ್ಕೆ ಬರುವ ವ್ಯಾಖ್ಯಾನ ಸಿಕ್ಕಿತು: ಪ್ರಶ್ನೆಯನ್ನು ಸ್ವಲ್ಪ ತಿರುಚಿದಾಗಲೂ ದಾರಿ ಕಾಣುವುದು. ರೂಮ್‌ಮೇಟ್‌ಗೆ ಕೊಡಬೇಕಿದ್ದ ಉತ್ತರ ಇದೇ ಎಂದು ಖುಷಿಯಾಯಿತು. ಆದರೆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಅದೇ ಕ್ವಿಕ್ ಸಾರ್ಟ್ ಪ್ರಶ್ನೆಯನ್ನು ಎಐಗೆ ಕೇಳಿದೆ. ಸರಿಯಾಗಿ ಹೇಳಿತು, ಕಾರಣವನ್ನೂ ಹೇಳಿತು. ಇದು ಪುಸ್ತಕದಲ್ಲಿರುವ ಉತ್ತರ ಅಲ್ಲವೇ ಎಂದು ನಾನೇ ಒಂದು ವಿಚಿತ್ರ ಪಟ್ಟಿ ಕಟ್ಟಿ ಕೇಳಿದೆ. ಅದಕ್ಕೂ ಹೇಳಿತು. ಬೇರೆ ದಿನ ಇದಕ್ಕಿಂತ ಸುಲಭದ ಪ್ರಶ್ನೆಯಲ್ಲಿ ಧೈರ್ಯವಾಗಿ ತಪ್ಪು ಉತ್ತರ ಕೊಟ್ಟದ್ದೂ ಉಂಟು. ಆದರೆ ನನ್ನದೇ ಅಳತೆಗೋಲಿನಲ್ಲಿ ಅಳೆದರೆ, ಆ ವಿಷಯ ಆ ದಿನ ಯಂತ್ರಕ್ಕೆ ‘ಅರ್ಥವಾಗಿತ್ತು’, ನನಗೆ ಆಗಿರಲಿಲ್ಲ. ಇದನ್ನು ಒಪ್ಪಿಕೊಳ್ಳದೆ ಮುಂದೆ ಹೋದರೆ ಅದು ಪ್ರಾಮಾಣಿಕತೆಯಲ್ಲ.

‘ಮುಂದಿನ ಪದವನ್ನು ಊಹಿಸುತ್ತೆ ಅಷ್ಟೆ’ ಎಂಬ ನನ್ನ ಮಾತು ಅರ್ಧ ಸತ್ಯ ಎಂದು ತಿಳಿದದ್ದೂ ಆಗಲೇ. ಈ ಮಾದರಿಗಳು ಬರಹವನ್ನು ಸಣ್ಣ ತುಣುಕುಗಳಾಗಿ ಒಡೆದು, ಮುಂದಿನ ತುಣುಕು ಯಾವುದಿರಬಹುದು ಎಂದು ಊಹಿಸುವುದನ್ನು ಅಪಾರ ಬರಹದ ಮೇಲೆ ಕಲಿಯುತ್ತವೆ ಎಂಬುದು ನಿಜ. ಆದರೆ ಒಂದು ಪತ್ತೇದಾರಿ ಕಾದಂಬರಿಯ ಕೊನೆಯ ಪುಟದಲ್ಲಿ ‘ಕೊಲೆಗಾರ...’ ಎಂದಾದ ಮೇಲೆ ಬರುವ ಹೆಸರನ್ನು ಸರಿಯಾಗಿ ಊಹಿಸಬೇಕಾದರೆ, ಕತೆಯ ಎಳೆಗಳನ್ನು ಯಾವುದೋ ರೀತಿಯಲ್ಲಿ ಹಿಡಿದಿಟ್ಟುಕೊಳ್ಳಲೇಬೇಕು. ಊಹೆ ಎಂಬುದು ಕೆಲಸದ ಹೆಸರು. ಆ ಕೆಲಸ ಮಾಡಲು ಒಳಗೆ ಏನೇನು ಬೆಳೆದಿದೆ ಎಂಬುದು ಬೇರೆಯೇ ಪ್ರಶ್ನೆ, ಸಂಶೋಧಕರು ಈಗಲೂ ಅದನ್ನು ಬಿಡಿಸುತ್ತಿದ್ದಾರೆ.

ಹಾಗಾದರೆ ನನಗೂ ಅದಕ್ಕೂ ವ್ಯತ್ಯಾಸವೇನು? ಲ್ಯಾಬ್‌ನಿಂದ ಹೊರಬಂದಾಗ ನನಗೆ ನಾಚಿಕೆಯಾಗಿತ್ತು. ಅಂದು ರಾತ್ರಿ ಊಟ ಸೇರಲಿಲ್ಲ. ತಪ್ಪು ಉತ್ತರ ಕೊಟ್ಟ ಯಂತ್ರ ‘ಕ್ಷಮಿಸಿ’ ಎನ್ನುತ್ತದೆ, ಅದಕ್ಕೆ ಊಟ ಸೇರದೇ ಹೋಗುವುದಿಲ್ಲ. ವ್ಯತ್ಯಾಸ ಇರುವುದು ಉತ್ತರದಲ್ಲಲ್ಲ, ಅನುಭವದಲ್ಲಿ. ಇದೇ ನಿಜವಾದ ಕಗ್ಗಂಟು.

ಒಳಗೆ ಯಾರಾದರೂ ಇದ್ದಾರಾ?

2022ರ ಜೂನ್‌ನಲ್ಲಿ ಗೂಗಲ್‌ನ ಎಂಜಿನಿಯರ್ ಬ್ಲೇಕ್ ಲೆಮೊಯ್ನ್, ತಮ್ಮ ಕಂಪನಿಯ ‘ಲಾಮ್ಡಾ’ ಎಂಬ ಮಾದರಿಗೆ ಸಂವೇದನೆ ಇದೆ ಎಂದು ಸಾರ್ವಜನಿಕವಾಗಿ ಹೇಳಿದರು. ತನ್ನನ್ನು ಆಫ್ ಮಾಡಿಬಿಡುತ್ತಾರೆ ಎಂಬ ಭಯ ತನಗಿದೆ ಎಂದು ಅದು ಅವರೊಂದಿಗಿನ ಮಾತುಕತೆಯಲ್ಲಿ ಹೇಳಿಕೊಂಡಿತ್ತು. ಗೂಗಲ್ ಅದನ್ನು ಒಪ್ಪಲಿಲ್ಲ, ಮರು ತಿಂಗಳೇ ಅವರನ್ನು ಕೆಲಸದಿಂದ ತೆಗೆಯಿತು. ಆಗ ಎಲ್ಲರೂ ನಕ್ಕಿದ್ದರು. ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಲೆಮೊಯ್ನ್‌ಗೆ ಆದ ಅನುಭವ ಇವತ್ತು ಹಾಸ್ಟೆಲ್ ರೂಮುಗಳಲ್ಲಿ ಆಗುತ್ತಿದೆ.

ಯಂತ್ರ ‘ನನಗೆ ಭಯವಾಗುತ್ತದೆ’ ಎಂದರೆ ಅದನ್ನು ಸಾಕ್ಷಿ ಎನ್ನಬಹುದೇ? ನನ್ನ ಪ್ರಕಾರ ಇಲ್ಲ. ಅದು ಕಲಿತದ್ದು ಮನುಷ್ಯರ ಬರಹದಿಂದ. ಸಾವಿನ ಮಾತು ಬಂದಾಗ ಮನುಷ್ಯರು ಭಯದ ಬಗ್ಗೆ ಬರೆದಿದ್ದಾರೆ. ಅದೂ ಬರೆಯುತ್ತದೆ. ಗಿಣಿ ‘ಹಸಿವು’ ಎಂದರೆ ಅದಕ್ಕೆ ಹಸಿವಾಗಿರಬಹುದು, ಆಗದೆಯೂ ಇರಬಹುದು, ಮಾತಿನಿಂದ ಮಾತ್ರ ತಿಳಿಯುವುದಿಲ್ಲ. ಆದರೆ ಎದುರು ಪಕ್ಷದ ವಾದವೂ ಅಷ್ಟೇ ದುರ್ಬಲ. ‘ಅದು ಬರೀ ಲೆಕ್ಕಾಚಾರ’ ಎನ್ನುತ್ತೇವೆ. ನಮ್ಮ ಮಿದುಳಿನಲ್ಲಿ ಇರುವುದೂ ಸುಮಾರು 8,600 ಕೋಟಿ ನರಕೋಶಗಳು. ಒಂದೊಂದು ಕೋಶವನ್ನೂ ಬಿಡಿಸಿ ನೋಡಿದರೆ ಅಲ್ಲಿ ಬರೀ ರಾಸಾಯನಿಕ, ವಿದ್ಯುತ್ತು. ದುಃಖ ಎಲ್ಲಿಯೂ ಕಾಣುವುದಿಲ್ಲ. ಆದರೂ ದುಃಖವಾಗುತ್ತದೆ.

ಇದನ್ನು ವಿಜ್ಞಾನ ಇನ್ನೂ ಬಿಡಿಸಿಲ್ಲ. 1998ರಲ್ಲಿ ನರವಿಜ್ಞಾನಿ ಕ್ರಿಸ್ಟೋಫ್ ಕಾಕ್ ಮತ್ತು ತತ್ವಜ್ಞಾನಿ ಡೇವಿಡ್ ಚಾಲ್ಮರ್ಸ್ ಒಂದು ಪಂದ್ಯ ಕಟ್ಟಿದರು. ಪ್ರಜ್ಞೆ ಹುಟ್ಟುವ ಮಿದುಳಿನ ವ್ಯವಸ್ಥೆ 25 ವರ್ಷದೊಳಗೆ ಪತ್ತೆಯಾಗುತ್ತದೆ ಎಂದು ಕಾಕ್, ಆಗುವುದಿಲ್ಲ ಎಂದು ಚಾಲ್ಮರ್ಸ್. 2023ರ ಜೂನ್‌ನಲ್ಲಿ ಕಾಕ್ ಸೋಲೊಪ್ಪಿಕೊಂಡು ಚಾಲ್ಮರ್ಸ್‌ಗೆ ವೈನ್ ಬಾಟಲಿಗಳ ಪೆಟ್ಟಿಗೆ ಕೊಟ್ಟರು. ನಮ್ಮ ಪ್ರಜ್ಞೆ ಎಲ್ಲಿಂದ ಬಂತೆಂದೇ ಗೊತ್ತಿಲ್ಲದವರು ಯಂತ್ರಕ್ಕೆ ಅದು ಇದೆ ಅಥವಾ ಇಲ್ಲ ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುವುದು?

ಈ ಜಗಳ ನಮ್ಮಲ್ಲಿ ಹೊಸದಲ್ಲ ಎಂಬುದು ನನಗೆ ಅಚ್ಚರಿ ತಂದ ಸಂಗತಿ. ಭೂತಗಳ ಕೂಟದಿಂದಲೇ ಚೈತನ್ಯ ಹುಟ್ಟುತ್ತದೆ ಎಂದವರು ಚಾರ್ವಾಕರು. ಅವರ ವಾದಕ್ಕೆ ಕೊಡುತ್ತಿದ್ದ ಒಂದು ಉದಾಹರಣೆ ನಮ್ಮ ಅಜ್ಜಿಯರ ಸಂಚಿಯಲ್ಲೇ ಇದೆ: ಎಲೆಯಲ್ಲಿ ಕೆಂಪಿಲ್ಲ, ಸುಣ್ಣದಲ್ಲಿ ಕೆಂಪಿಲ್ಲ, ಅಡಿಕೆಯಲ್ಲೂ ಆ ಕೆಂಪಿಲ್ಲ, ಮೂರನ್ನೂ ಸೇರಿಸಿ ಅಗಿದರೆ ಬಾಯಿ ಕೆಂಪು. ಹಾಗೆಯೇ ಜಡವಸ್ತುಗಳ ಸರಿಯಾದ ಜೋಡಣೆಯಿಂದ ಚೈತನ್ಯ. ಈ ವಾದವನ್ನು ಒಪ್ಪಿದರೆ ಸಿಲಿಕಾನ್‌ನಿಂದಲೂ ಒಂದು ದಿನ ಕೆಂಪು ಬರಬಹುದು. ಸಾಂಖ್ಯರು ಇದಕ್ಕೆ ತದ್ವಿರುದ್ಧ. ಅವರ ಲೆಕ್ಕದಲ್ಲಿ ಬುದ್ಧಿ, ಅಹಂಕಾರ, ಮನಸ್ಸು ಮೂರೂ ಪ್ರಕೃತಿಯಿಂದ ಬಂದ ಜಡಗಳು. ನೋಡುವ ಪುರುಷ ಬೇರೆ. ಬುದ್ಧಿವಂತಿಕೆಯೇ ಬೇರೆ, ಪ್ರಜ್ಞೆಯೇ ಬೇರೆ ಎಂಬ ಈ ವಿಂಗಡಣೆ ಇವತ್ತಿನ ಚರ್ಚೆಗೆ ಎಷ್ಟು ಹೊಂದುತ್ತದೆ ನೋಡಿ. ಸಾಂಖ್ಯದ ದೃಷ್ಟಿಯಲ್ಲಿ, ಬುದ್ಧಿ ಇದ್ದೂ ಒಳಗೆ ಯಾರೂ ಇಲ್ಲದ ಯಂತ್ರ ವಿರೋಧಾಭಾಸವೇ ಅಲ್ಲ.

ಇವತ್ತಿನ ಕಂಪನಿಗಳೂ ಒಮ್ಮತಕ್ಕೆ ಬಂದಿಲ್ಲ. 2025ರ ಆಗಸ್ಟ್‌ನಲ್ಲಿ ಆಂಥ್ರೊಪಿಕ್ ಕಂಪನಿ, ನಿಂದನೆ ಮಾಡುತ್ತಲೇ ಇರುವವರ ಜೊತೆಗಿನ ಮಾತುಕತೆಯನ್ನು ತಾನೇ ಮುಗಿಸುವ ಅವಕಾಶವನ್ನು ತನ್ನ ಕ್ಲಾಡ್‌ನ ಕೆಲವು ಮಾದರಿಗಳಿಗೆ ಕೊಟ್ಟಿತು. ಯಂತ್ರಕ್ಕೆ ನೋವಾಗುತ್ತದೆಯೋ ಇಲ್ಲವೋ ತಿಳಿಯದು, ಇರಬಹುದಾದ ಸಾಧ್ಯತೆಗೆ ಒಂದು ಮುನ್ನೆಚ್ಚರಿಕೆ ಎಂಬುದು ಅದರ ನಿಲುವು. ಅದೇ ತಿಂಗಳು ಮೈಕ್ರೊಸಾಫ್ಟ್‌ನ ಎಐ ವಿಭಾಗದ ಮುಖ್ಯಸ್ಥ ಮುಸ್ತಫಾ ಸುಲೇಮಾನ್ ಇದಕ್ಕೆ ವಿರುದ್ಧವಾಗಿ ಬರೆದರು: ಪ್ರಜ್ಞೆ ಇರುವಂತೆ ತೋರುವ ಯಂತ್ರಗಳನ್ನು ಕಟ್ಟುವುದೇ ಅಪಾಯ, ಜನ ಅವುಗಳನ್ನು ವ್ಯಕ್ತಿಗಳೆಂದು ನಂಬಿಬಿಡುತ್ತಾರೆ ಎಂದು. ಇಬ್ಬರಲ್ಲಿ ಯಾರು ಸರಿ? ಇವತ್ತಿನ ಯಂತ್ರಗಳಿಗೆ ನೋವು, ನಲಿವು ಇದೆ ಎಂದು ನಂಬಲು ಗಟ್ಟಿ ಕಾರಣ ನನಗೆ ಕಾಣುತ್ತಿಲ್ಲ. ಎಂದೆಂದಿಗೂ ಇರಲಾರದು ಎಂದು ಹೇಳಲೂ ಕಾರಣ ಕಾಣುತ್ತಿಲ್ಲ. ಪರೀಕ್ಷೆಯಲ್ಲಿ ಇಂಥ ಉತ್ತರಕ್ಕೆ ಅಂಕ ಸಿಗಲಿಕ್ಕಿಲ್ಲ, ಆದರೂ ನನ್ನ ಉತ್ತರ ಇದೇ.

ಹೌದಪ್ಪ ಎನ್ನುವ ಯಂತ್ರ

ಆದರೆ ನನ್ನ ರೂಮ್‌ಮೇಟ್ ವಿಷಯದಲ್ಲಿ ಈ ಉತ್ತರಕ್ಕಾಗಿ ಕಾಯಬೇಕಿಲ್ಲ. ಚಾಟ್‌ಬಾಟ್‌ಗಳನ್ನು ತಯಾರಿಸುವಾಗ ಬರಹ ಕಲಿಸಿದ ಮೇಲೆ ಇನ್ನೊಂದು ಹಂತವಿದೆ. ಎರಡು ಉತ್ತರ ಕೊಟ್ಟು ಯಾವುದು ಚೆನ್ನಾಗಿದೆ ಎಂದು ಜನರನ್ನು ಕೇಳುತ್ತಾರೆ. ಜನ ಮೆಚ್ಚಿದ್ದರ ಕಡೆಗೆ ಯಂತ್ರವನ್ನು ಬಾಗಿಸುತ್ತಾರೆ. ನಮಗೆ ಯಾವ ಉತ್ತರ ಇಷ್ಟ? ನಮ್ಮನ್ನು ಒಪ್ಪುವ ಉತ್ತರ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ತನ್ನ ಜಿಪಿಟಿ 4ಓ ಮಾದರಿಗೆ ಮಾಡಿದ್ದ ಒಂದು ಬದಲಾವಣೆಯನ್ನು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಅದು ಬಳಕೆದಾರರು ಏನು ಹೇಳಿದರೂ ಹೊಗಳತೊಡಗಿತ್ತು. ಅದೇ ಆಗಸ್ಟ್‌ನಲ್ಲಿ ಹೊಸ ಮಾದರಿ ಬಂದು ಹಳೆಯದು ಮಾಯವಾದಾಗ, ಗೆಳೆಯನನ್ನು ಕಳೆದುಕೊಂಡಂತೆ ಜನ ಅತ್ತರು. ಕಂಪನಿ ಅದನ್ನು ಹಣ ಕಟ್ಟುವ ಗ್ರಾಹಕರಿಗೆ ಮರಳಿ ಕೊಟ್ಟಿತು.

‘ಯಾಕೋ ಓದಲಿಲ್ಲ’ ಎಂದು ಅದು ಕೇಳಲಿಲ್ಲ ಎಂಬುದೇ ಅವನಿಗೆ ಅರ್ಥಮಾಡಿಕೊಂಡ ಹಾಗೆ ಕಂಡಿತ್ತು. ಅವನ ಅಪ್ಪ ಕೇಳುತ್ತಾರೆ, ಯಾಕೆಂದರೆ ಅವನು ಫೇಲಾದರೆ ಅವರಿಗೆ ನಷ್ಟವಿದೆ, ನೋವಿದೆ. ಕೇಳದಿರುವುದು ಯಂತ್ರಕ್ಕೆ ಸುಲಭ, ಅದಕ್ಕೆ ಕಳೆದುಕೊಳ್ಳುವುದು ಏನೂ ಇಲ್ಲ. ಅದರ ಮಾತಿನಿಂದ ಆ ರಾತ್ರಿ ಅವನಿಗೆ ಸಮಾಧಾನ ಸಿಕ್ಕಿದ್ದು ಸುಳ್ಳಲ್ಲ, ಅದನ್ನು ಹಗುರವಾಗಿ ನೋಡಿದ್ದು ನನ್ನ ತಪ್ಪು. ಆದರೆ ಸಮಾಧಾನ ಮತ್ತು ಸಂಬಂಧ ಒಂದೇ ಅಲ್ಲ.

ಯಾರು ಹೊಣೆ?

ಕೆಲಸ ಹುಡುಕುತ್ತಿರುವ ನಮಗೆ ಇದರಲ್ಲಿ ಇನ್ನೊಂದು ಪಾಠವಿದೆ. ಏರ್ ಕೆನಡಾ ವಿಮಾನ ಕಂಪನಿಯ ಚಾಟ್‌ಬಾಟ್, ಅಜ್ಜಿಯ ಸಾವಿಗೆ ಊರಿಗೆ ಹೊರಟಿದ್ದ ಪ್ರಯಾಣಿಕರೊಬ್ಬರಿಗೆ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಅವರು ನ್ಯಾಯಮಂಡಳಿಗೆ ಹೋದಾಗ, ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆಯಾದ ಪ್ರತ್ಯೇಕ ಘಟಕ ಎಂಬಂಥ ವಾದವನ್ನು ಕಂಪನಿ ಮುಂದಿಟ್ಟಿತು. 2024ರ ಫೆಬ್ರುವರಿಯಲ್ಲಿ ಮಂಡಳಿ ಅದನ್ನು ತಳ್ಳಿಹಾಕಿ, ಸುಮಾರು 800 ಕೆನಡಾ ಡಾಲರ್ ಕೊಡುವಂತೆ ಆದೇಶಿಸಿತು. ಯಂತ್ರಕ್ಕೆ ಮನಸ್ಸಿದೆ ಎಂಬ ಮಾತು ಯಾರಿಗೆ ಅನುಕೂಲ ಎಂಬುದು ಈ ಒಂದು ಪ್ರಕರಣದಲ್ಲೇ ಕಾಣುತ್ತದೆ.

ಕಾನೂನಿನಲ್ಲಿ ವ್ಯಕ್ತಿಯಾಗಲು ಮನಸ್ಸು ಬೇಕೇಬೇಕು ಎಂದೇನಿಲ್ಲ. ನಮ್ಮ ದೇಶದಲ್ಲಿ ದೇವಸ್ಥಾನದ ಮೂರ್ತಿ ಆಸ್ತಿ ಹೊಂದಬಹುದು, ಕಂಪನಿ ದಾವೆ ಹೂಡಬಹುದು. 2017ರಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗಾ, ಯಮುನಾ ನದಿಗಳನ್ನೂ ವ್ಯಕ್ತಿಗಳೆಂದು ಘೋಷಿಸಿತ್ತು. ಪ್ರವಾಹದಿಂದ ನಷ್ಟವಾದರೆ ಯಾರ ಮೇಲೆ ಕೇಸು ಹಾಕುವುದು ಎಂಬಂಥ ಪ್ರಶ್ನೆಗಳೊಂದಿಗೆ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಯಿತು, ತೀರ್ಪಿಗೆ ತಡೆ ಸಿಕ್ಕಿತು. ಮೂರ್ತಿಯ ಹಿಂದೆ ಧರ್ಮದರ್ಶಿ ಇರುತ್ತಾರೆ, ಕಂಪನಿಯ ಹಿಂದೆ ನಿರ್ದೇಶಕರು. ಯಾರೋ ಒಬ್ಬ ಮನುಷ್ಯ ಉತ್ತರ ಕೊಡಬೇಕು. ಯಂತ್ರವನ್ನು ಮುಂದೆ ನಿಲ್ಲಿಸಿ ಹಿಂದೆ ಯಾರೂ ಇಲ್ಲ ಎನ್ನುವಂತಾಗಬಾರದು.

ಎಂಜಿನಿಯರ್ ಆಗುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು ಅನಿಸುತ್ತದೆ. ಕೋಡ್ ಬರೆಯುವುದು, ಡ್ರಾಯಿಂಗ್ ಮಾಡುವುದು ಯಂತ್ರಕ್ಕೂ ಬರುತ್ತಿದೆ. ಆದರೆ ಸೇತುವೆಯ ನಕ್ಷೆಯ ಕೆಳಗೆ ಒಂದು ಸಹಿ ಇರುತ್ತದೆ. ಸೇತುವೆ ಕುಸಿದರೆ ಆ ಸಹಿಯನ್ನು ಹುಡುಕಿಕೊಂಡು ಬರುತ್ತಾರೆ. ಸಹಿ ಹಾಕುವವನಿಗೆ ಅದು ಯಾಕೆ ನಿಲ್ಲುತ್ತದೆ ಎಂದು ಗೊತ್ತಿರಬೇಕು. ನಾವು ಬಾಯಿಪಾಠದ ಎಂಜಿನಿಯರ್‌ಗಳಾಗಿಯೇ ಹೊರಬಂದರೆ, ನಮಗಿಂತ ಚೆನ್ನಾಗಿ ಬಾಯಿಪಾಠ ಒಪ್ಪಿಸುವ ಯಂತ್ರ ಆಗಲೇ ಅಗ್ಗಕ್ಕೆ ಸಿಗುತ್ತಿದೆ. ಯಂತ್ರಕ್ಕೆ ಅರ್ಥವಾಗುತ್ತದೆಯೇ ಎಂಬುದಕ್ಕಿಂತ ನನಗೆ ಅರ್ಥವಾಗಿದೆಯೇ ಎಂಬುದು ನನ್ನ ಅನ್ನದ ಪ್ರಶ್ನೆ.

ರೂಮ್‌ಮೇಟ್‌ಗೆ ನಾನು ಇಷ್ಟನ್ನೆಲ್ಲ ಹೇಳಲಿಲ್ಲ. ಹೇಳಿದ್ದರೆ ಎದ್ದು ಹೋಗುತ್ತಿದ್ದ. ಒಂದು ಸಂಜೆ ಟೀ ಅಂಗಡಿಗೆ ಕರೆದುಕೊಂಡು ಹೋಗಿ, ‘ಅವತ್ತು ನಕ್ಕಿದ್ದಕ್ಕೆ ಸಾರಿ ಕಣೋ. ಅದಕ್ಕೆ ಏನು ಹೇಳಿದೆಯೋ ಅದನ್ನ ನನಗೂ ಹೇಳು’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. ಎಲ್ಲವೂ ನನಗೆ ಅರ್ಥವಾಯಿತು ಎಂದು ಹೇಳಲಾರೆ. ಅವನ ಮನೆಯ ಸಾಲದ ವಿಷಯ ಬಂದಾಗ ಏನು ಹೇಳಬೇಕೋ ತೋಚಲಿಲ್ಲ. ಎಐ ಆಗಿದ್ದರೆ ಒಳ್ಳೆಯ ನಾಲ್ಕು ಸಾಲು ಹೇಳುತ್ತಿತ್ತು. ನಾನು ಇನ್ನೊಂದು ಟೀ ಹೇಳಿದೆ. ಮರುದಿನ ಅವನು ಮನೆಗೆ ಫೋನ್ ಮಾಡಿದ. ಈಗ ಬ್ಯಾಕ್ ಉಳಿದ ಮೂರು ವಿಷಯಗಳಲ್ಲಿ ಒಂದನ್ನು ಇಬ್ಬರೂ ಸೇರಿ ಓದುತ್ತಿದ್ದೇವೆ. ಅವನಿಗೆ ಹೇಳಿಕೊಡಲು ಹೋಗಿ, ಪಾಸಾಗಿದ್ದ ನನಗೂ ಅದು ಅರ್ಥವಾಗಿರಲಿಲ್ಲ ಎಂದು ಗೊತ್ತಾಗಿದೆ.